ಅಂಗಡಿ ಹಾಕೋದು ಎಲ್ಲರೂ ಕಲಿಸ್ತಾರೆ, ಖಾಲಿ ಮಾಡೋದು ಯಾರು ಕಲಿಸ್ತಾರೆ?

ಮಾನ್ಯ ಸಂಪಾದಕರೇ,

ಮನೆಯಲ್ಲೇ ತಿಂಡಿ ತಿನಿಸು ಮಾಡಿ ಆನ್‌ಲೈನ್‌ನಲ್ಲಿ ಮಾರುವ ಹೆಣ್ಣುಮಕ್ಕಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತಿರುತ್ತದೆ. ಖುಷಿಯಿಂದ ಓದುತ್ತೇನೆ, ಯಾಕಂದ್ರೆ ನಮ್ಮದೂ ಅಂಥದ್ದೇ ಮನೆ. ಹುಬ್ಬಳ್ಳಿ ವಿದ್ಯಾನಗರದಲ್ಲಿ ನಮ್ಮ ಅತ್ತೆ ನಡೆಸುವ ರೊಟ್ಟಿ ಕೇಂದ್ರ. ಜೋಳದ ಖಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸೆ ಚಟ್ನಿ, ಬ್ಯಾಡಗಿ ಖಾರದ ಪುಡಿ. ರೊಟ್ಟಿ ಬಡಿಯೋದು ಅತ್ತೆ ಮತ್ತು ಓಣಿಯ ಐದು ಜನ ಹೆಣ್ಣುಮಕ್ಕಳು. ಕಂಪ್ಯೂಟರ್ ಬಡಿಯೋದು ನಾನು. ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿರುವ ನಮ್ಮ ಕಡೆಯ ಜನ ವೆಬ್‌ಸೈಟಿನಿಂದ ತರಿಸಿಕೊಳ್ಳುತ್ತಾರೆ.

ಇಂಥ ಬರಹಗಳಲ್ಲಿ, ತರಬೇತಿಗಳಲ್ಲಿ, ಎಲ್ಲ ಕಡೆಯೂ ಆನ್‌ಲೈನ್ ಅಂಗಡಿ ತೆರೆಯೋದು ಹೇಗೆ ಅಂತ ಹೇಳುತ್ತಾರೆ. ಫೋಟೋ ಹಾಕಿ, ದರ ಹಾಕಿ, ಪೇಮೆಂಟ್ ಜೋಡಿಸಿ, ಶುರು. ನಾನೂ ಎರಡು ದಿನದ ತರಬೇತಿಗೆ ಹೋಗಿದ್ದೆ, ಊಟ ಚೆನ್ನಾಗಿತ್ತು. ಆದರೆ ಒಂದು ಕಡೆ ಇಟ್ಟ ಅಂಗಡಿಯನ್ನು ಇನ್ನೊಂದು ಕಡೆಗೆ ಒಯ್ಯಬೇಕಾದಾಗ ಏನು ಮಾಡಬೇಕು ಅಂತ ಯಾರೂ ಒಂದು ಮಾತು ಹೇಳಲಿಲ್ಲ. ಕಳೆದ ವರ್ಷ ನಾವು ಒಯ್ದೆವು. ಆಗ ಆದ ಫಜೀತಿ ನಾಲ್ಕು ಜನಕ್ಕೆ ತಿಳಿಯಲಿ ಅಂತ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾವು ಮೊದಲು ಇದ್ದದ್ದು ತಿಂಗಳ ಬಾಡಿಗೆಯ ವೇದಿಕೆ. ಹೆಸರು ಬೇಡ, ಅದು ಕೆಟ್ಟದ್ದೇನೂ ಅಲ್ಲ. ಅಡುಗೆ ಬಾರದವರಿಗೆ ಖಾನಾವಳಿ ಇದ್ದ ಹಾಗೆ, ತಾಟಿನ ಮುಂದೆ ಕುಳಿತರೆ ಸಾಕು. ಆದರೆ ಬಾಡಿಗೆ ಡಾಲರ್ ಲೆಕ್ಕದಲ್ಲಿ. ಕೆಲವು ಪಿನ್‌ಕೋಡ್‌ಗಳಿಗೆ ಕ್ಯಾಶ್ ಆನ್ ಡೆಲಿವರಿ ಬಂದ್ ಮಾಡಬೇಕಂದ್ರೆ ಒಂದು ಆ್ಯಪ್, ಅದಕ್ಕೆ ಬೇರೆ ಬಾಡಿಗೆ. ಜಿಎಸ್‌ಟಿ ಬಿಲ್ಲಿಗೆ ಇನ್ನೊಂದು, ಅದಕ್ಕೂ ಬಾಡಿಗೆ. ಐವತ್ತು ರೂಪಾಯಿ ಚಟ್ನಿ ಮಾರುವವರಿಗೆ ಇದು ಜಾಸ್ತಿ ಅನ್ನಿಸಿತು. ಹಾಗಾಗಿ ವೂಕಾಮರ್ಸ್‌ಗೆ ಹೋಗೋಣ ಅಂತ ತೀರ್ಮಾನ ಮಾಡಿದೆವು. ಇದು ಆನ್‌ಲೈನ್ ಅಂಗಡಿ ಕಟ್ಟುವ ತಂತ್ರಾಂಶ, 2011ರಲ್ಲಿ ಬಂದದ್ದು, ವೆಬ್‌ಸೈಟ್ ಮಾಡಲು ಬಳಸುವ ವರ್ಡ್‌ಪ್ರೆಸ್ ಮೇಲೆ ಕೂರುತ್ತದೆ, ತಂತ್ರಾಂಶಕ್ಕೆ ದುಡ್ಡಿಲ್ಲ. ಅದನ್ನು ಇಡುವ ಹೋಸ್ಟಿಂಗ್ ಜಾಗಕ್ಕೆ ಮಾತ್ರ ನಾವೇ ದುಡ್ಡು ಕಟ್ಟಬೇಕು, ಅಪ್‌ಡೇಟು, ಬ್ಯಾಕಪ್ಪು ಎಲ್ಲ ನಮ್ಮ ತಲೆ ಮೇಲೆ. ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಹೋದರೆ ನಲ್ಲಿ ಸೋರಿದಾಗ ಮಾಲೀಕನಿಗೆ ಫೋನ್ ಮಾಡೋಕೆ ಆಗಲ್ಲ, ಅಲ್ವಾ? ಅದೇ ಕತೆ.

ಅತ್ತೆಗೆ ಹೇಳಿದಾಗ ಅವರು ಹಿಟ್ಟಿನ ಕೈಯಲ್ಲೇ ತಲೆ ಎತ್ತಿ, "ಏನವಾ, ಅಂಗಡಿ ಎಲ್ಲಿಗೆ ಹೊಂಟೈತಿ? ರೊಟ್ಟಿ ಬಡಿಯೂ ನಾವು ಇಲ್ಲೇ ಅದೀವಲ್ಲ" ಅಂದರು.

ಮೊದಲ ತಪ್ಪು ದಿನ ಆರಿಸಿದ್ದರಲ್ಲೇ ಆಯಿತು. ಆಷಾಢದಲ್ಲಿ ವ್ಯಾಪಾರ ತಣ್ಣಗಿರುವಾಗ ಮಾಡುವ ಕೆಲಸ ಇದು. ನಾವು ಎಳ್ಳ ಅಮವಾಸ್ಯೆಗೆ ಹದಿನೈದು ದಿನ ಇರುವಾಗ ಕೈ ಹಾಕಿದೆವು. ಸಜ್ಜೆ ರೊಟ್ಟಿಗೆ ವರ್ಷದಲ್ಲೇ ಜಾಸ್ತಿ ಬೇಡಿಕೆ ಇರೋದು ಆಗಲೇ. ಬುದ್ಧಿ ಎಲ್ಲಿಗೆ ಹೋಗಿತ್ತೋ.

ಸರಕಿನ ಪಟ್ಟಿಯನ್ನು ಹಳೆಯ ಅಂಗಡಿಯಿಂದ ಸಿಎಸ್‌ವಿ ಕಡತವಾಗಿ, ಅಂದ್ರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಬರೀ ಅಕ್ಷರದ ಪಟ್ಟಿಯಾಗಿ, ಇಳಿಸಿಕೊಂಡೆ. ಅಲ್ಲೀವರೆಗೆ ಸಲೀಸು. ಸುಮ್ನೆ ಒಂದು ಸಲ ನೋಡೋಣ ಅಂತ ಅದನ್ನು ಎಕ್ಸೆಲ್‌ನಲ್ಲಿ ತೆರೆದು, ಎರಡು ದರ ತಿದ್ದಿ, ಸೇವ್ ಮಾಡಿದೆ. ಈ ಪತ್ರ ಓದುವ ಯಾರಾದರೂ ಇದೇ ಕೆಲಸಕ್ಕೆ ಕೂತಿದ್ದರೆ ಇಲ್ಲಿ ಸ್ವಲ್ಪ ನಿಲ್ಲಿ. ಆ ಒಂದು ಸೇವ್ ಮಾಡಿದ ಹಾನಿ ನನಗೆ ಗೊತ್ತಾಗಲು ಎರಡು ದಿನ ಬೇಕಾಯಿತು. "ಗುರೆಳ್ಳು ಚಟ್ನಿ" ಅಂತ ಕನ್ನಡದಲ್ಲಿ ಬರೆದ ಹೆಸರುಗಳೆಲ್ಲ ಯಾವುದೋ ದೇಶದ ಮಂತ್ರದ ಹಾಗೆ ಕಾಣುತ್ತಿದ್ದವು, ಅದು ಕಣ್ಣಿಗೆ ಹೊಡೆಯಿತು, ಅದನ್ನು ಸರಿ ಮಾಡಿದೆ. ಕಣ್ಣಿಗೆ ಹೊಡೆಯದ್ದು ಬೇರೆ ಇತ್ತು. ಒಣ ಮೆಣಸಿನಕಾಯಿಗೆ ಜಿಎಸ್‌ಟಿಯ ಎಚ್‌ಎಸ್‌ಎನ್ ಕೋಡ್, ಅಂದ್ರೆ ತೆರಿಗೆಗಾಗಿ ಸರಕು ಗುರುತಿಸುವ ನಂಬರ್, 0904. ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡು ಮುಂದಿನ ಸೊನ್ನೆ ತೆಗೆದು 904 ಮಾಡಿತು. ಪೊಟ್ಟಣದ ವಿವರದ ಜೊತೆ ಒಂದು ಕಾಲಮ್ಮಿನಲ್ಲಿ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನಂಬರ್ ಇಟ್ಟಿದ್ದೆ, ಅದು 14 ಅಂಕಿ. ಅದು ಒಂದು ದಶಮಾಂಶ, ಒಂದು ಇಂಗ್ಲಿಷ್ ಅಕ್ಷರ, ಒಂದು ಪ್ಲಸ್ ಚಿಹ್ನೆಯಾಗಿ ಕುಗ್ಗಿ ಕುಳಿತಿತ್ತು.

ಗ್ರಾಹಕರ ಪಟ್ಟಿಯಲ್ಲೂ ಅದೇ. ಫೋನ್ ನಂಬರುಗಳು 91 ಸೇರಿಸಿ 12 ಅಂಕಿ ಇದ್ದವು. ಎಲ್ಲವೂ 9.19ರ ಮುಂದೆ ಏನೋ ಆಗಿ ನಿಂತಿದ್ದವು. ಪರದೆ ಮೇಲೆ ಹಾಗೆ ಕಾಣುತ್ತೆ ಅಷ್ಟೆ, ಒಳಗೆ ಪೂರ್ತಿ ನಂಬರ್ ಇರುತ್ತೆ ಅಂದುಕೊಂಡೆ. ತೆರೆದಾಗ ಇರುತ್ತೆ, ನಿಜ. ಆದರೆ ಅದನ್ನು ಮತ್ತೆ ಸಿಎಸ್‌ವಿ ಆಗಿ ಸೇವ್ ಮಾಡಿದರೆ ಪರದೆ ಮೇಲೆ ಕಂಡದ್ದಷ್ಟೇ ಉಳಿಯುತ್ತೆ, ಉಳಿದ ಅಂಕಿಗಳು ಹೋದವು ಅಂದ್ರೆ ಹೋದವು. ಪುಣ್ಯಕ್ಕೆ ಹಳೆಯ ಅಂಗಡಿ ಇನ್ನೂ ಮುಚ್ಚಿರಲಿಲ್ಲ, ಮತ್ತೆ ಇಳಿಸಿಕೊಂಡೆ. ಈಗ ಗೊತ್ತಾದ ದಾರಿ ಏನಂದ್ರೆ, ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆಯಲೇಬಾರದು. ಎಕ್ಸೆಲ್‌ನ ಡೇಟಾ ಮೆನುವಿನಿಂದ ಒಳಗೆ ತಂದು, ಕನ್ನಡ ಅಕ್ಷರ ಕೆಡದ ಹಾಗೆ ಯುಟಿಎಫ್-8 ಅಂತ ಆರಿಸಿ, ಇಂಥ ಕಾಲಮ್‌ಗಳನ್ನೆಲ್ಲ "ಟೆಕ್ಸ್ಟ್" ಅಂತ ಹೇಳಿಬಿಡಬೇಕು. ದುಡ್ಡಿಲ್ಲದೆ ಸಿಗುವ ಲಿಬ್ರೆ ಆಫೀಸ್ ಆದರೆ ತೆರೆಯುವಾಗ ತಾನೇ ಕೇಳುತ್ತೆ, ಮರ್ಯಾದಸ್ಥ. ಇಳಿಸಿಕೊಂಡ ಮೂಲ ಕಡತದ ಒಂದು ಪ್ರತಿಯನ್ನು ಮುಟ್ಟದೆ ಬೇರೆ ಕಡೆ ಇಡಬೇಕು.

ಸರಕಿನ ಫೋಟೋಗಳ ವಿಷಯವೂ ಮೋಸದ್ದೇ. ಪಟ್ಟಿಯಲ್ಲಿ ಫೋಟೋ ಇರಲ್ಲ, ಹಳೆಯ ಅಂಗಡಿಯಲ್ಲಿ ಆ ಫೋಟೋ ಇರುವ ವಿಳಾಸ ಮಾತ್ರ ಇರುತ್ತೆ. ವೂಕಾಮರ್ಸ್ ಆ ವಿಳಾಸಕ್ಕೆ ಹೋಗಿ ಒಂದೊಂದೇ ಎಳೆದುಕೊಂಡು ಬರುತ್ತೆ. ಆದರೆ ವಿವರಣೆಯ ನಡುವೆ ಅಂಟಿಸಿದ ಚಿತ್ರಗಳು ಬರಲ್ಲ, ಅವು ಹಳೆಯ ಕಡೆಯೇ ಉಳಿದು ಅಲ್ಲಿಂದಲೇ ಕಾಣುತ್ತಿರುತ್ತವೆ. ಎಲ್ಲ ಬಂತು ಅಂತ ಖುಷಿಯಲ್ಲಿ ಹಳೆಯ ಖಾತೆ ಮುಚ್ಚಿದರೆ ಮಾರನೇ ದಿನ ಬರೀ ಖಾಲಿ ಚೌಕಗಳು. ನಾವು ಒಂದು ತಿಂಗಳ ಬಾಡಿಗೆ ಜಾಸ್ತಿ ಕೊಟ್ಟು ಹಳೆಯದನ್ನು ಹಾಗೇ ಇಟ್ಟುಕೊಂಡೆವು. ಆ ದುಡ್ಡಿನ ಬಗ್ಗೆ ನನಗೆ ಒಂದಿಷ್ಟೂ ಬೇಜಾರಿಲ್ಲ.

ಗ್ರಾಹಕರ ಪಾಸ್‌ವರ್ಡ್ ಬರಲ್ಲ ಅನ್ನೋದು ಮಾತ್ರ ಯಾರ ತಪ್ಪೂ ಅಲ್ಲ. ಯಾವ ಅಂಗಡಿಯೂ ಪಾಸ್‌ವರ್ಡ್ ಇದ್ದಹಾಗೆ ಇಟ್ಟುಕೊಂಡಿರಬಾರದು, ಅರೆದು ಪುಡಿ ಮಾಡಿ ಇಟ್ಟಿರುತ್ತಾರೆ, ಖಾರದ ಪುಡಿಯಿಂದ ಮೆಣಸಿನಕಾಯಿ ವಾಪಸ್ ಬರುತ್ತಾ? ಕಾರ್ಡ್ ವಿವರವೂ ಅಷ್ಟೆ, 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಅಂಗಡಿಯವರು ಕಾರ್ಡ್ ನಂಬರ್ ಇಟ್ಟುಕೊಳ್ಳುವ ಹಾಗೇ ಇಲ್ಲ. ಹಾಗಾಗಿ ಹಳೆಯ ಗ್ರಾಹಕರು ಹೊಸ ಪಾಸ್‌ವರ್ಡ್ ಮಾಡಿಕೊಳ್ಳಬೇಕು. ಇದನ್ನು ಮುಂಚೆಯೇ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿದ್ದರೆ ಆಗುತ್ತಿತ್ತು. ನಾವು ತಿಳಿಸಲಿಲ್ಲ, ಪುಣೆಯ ಒಬ್ಬ ಅಜ್ಜಿ ಫೋನ್ ಮಾಡಿ, "ನಿಮ್ಮ ಅಂಗಡಿ ನನ್ನ ಗುರುತಽ ಹಿಡಿವಲ್ದು" ಅಂದರು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ, ಡೊಮೇನ್.

ಅಂಗಡಿಯನ್ನು ಯಾವ ವೇದಿಕೆಗೆ ಒಯ್ದರೂ ಜನರಿಗೆ ಗೊತ್ತಿರೋದು ಒಂದು ಹೆಸರು, ಡಾಟ್ ಕಾಮ್ ಅಂತ ಮುಗಿಯುವ ಆ ಹೆಸರು. ಅದು ನಮ್ಮ ಕೈಯಲ್ಲಿದ್ದರೆ ಹೆಸರು ಅದೇ ಇಟ್ಟು ಹಿಂದಿನ ಅಂಗಡಿ ಮಾತ್ರ ಬದಲಿಸಬಹುದು, ಬೋರ್ಡ್ ಕಿತ್ತು ಹೊಸ ಗೋಡೆಗೆ ಹೊಡೆದ ಹಾಗೆ. ನಾನು ಹೋಸ್ಟಿಂಗ್ ತಗೊಂಡು, ಹೊಸ ಅಂಗಡಿ ಕಟ್ಟಿ, ಎಲ್ಲ ಮುಗಿಸಿ ಬೋರ್ಡ್ ಕೀಳಲು ಹೋದರೆ ಬೋರ್ಡ್ ನಮ್ಮದಲ್ಲ! ನಾಲ್ಕು ವರ್ಷದ ಹಿಂದೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಡೊಮೇನನ್ನು ತನ್ನ ಇಮೇಲ್‌ನಿಂದ, ತನ್ನ ಖಾತೆಯಲ್ಲಿ ಕೊಂಡಿದ್ದ. ಮೋಸ ಮಾಡಬೇಕು ಅಂತಲ್ಲ ಮಾರಾಯ್ರೇ, ಆವತ್ತು ಅವನ ಕಾರ್ಡಿನಿಂದ ಕಟ್ಟೋದು ಸುಲಭ ಇತ್ತು, ನಾವು ನಗದು ಕೊಟ್ಟೆವು, ಅಷ್ಟೆ. ಈಗ ಅವನು ಬೆಂಗಳೂರಿನಲ್ಲಿ ನೌಕರಿ, ನಂಬರ್ ಬದಲಾಗಿದೆ. ಯಾರ ಹೆಸರಲ್ಲಿದೆ ಅಂತ ಹುಡುಕಿದರೆ ಗೋಪ್ಯತೆಯ ಪರದೆ. ಡೊಮೇನಿಗೆ ದುಡ್ಡು ಕಟ್ಟಿದ ಅವಧಿ ಮುಗಿಯಲು ಒಂದು ತಿಂಗಳೂ ಇಲ್ಲ. ಮುಗಿದ ಮೇಲೆ ಸ್ವಲ್ಪ ದಿನ ವಿನಾಯಿತಿ ಇರುತ್ತದೆ, ಆಮೇಲೂ 30 ದಿನ ಬಿಡಿಸಿಕೊಳ್ಳಬಹುದು, ಆದರೆ ದಂಡ ಜಬರ್ದಸ್ತು, ಅದನ್ನೂ ಖಾತೆ ಇದ್ದವನೇ ಕಟ್ಟಬೇಕು. ಅದೂ ತಪ್ಪಿದರೆ ಹೆಸರು ಯಾರು ಬೇಕಾದರೂ ಕೊಳ್ಳಬಹುದು.

ಆ ಒಂದು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಕೊನೆಗೆ ನಮ್ಮ ಡೊಮೇನ್ ಸಿಕ್ಕಿದ್ದು ಯಾವ ತಂತ್ರಜ್ಞಾನದಿಂದಲೂ ಅಲ್ಲ. ಸೋಮವಾರ ಅತ್ತೆ ಸಿದ್ಧಾರೂಢ ಮಠಕ್ಕೆ ಹೋದಾಗ ಆ ಹುಡುಗನ ತಾಯಿ ಸಿಕ್ಕಿದ್ದರು. ಅಲ್ಲೇ ಕಟ್ಟೆ ಮೇಲೆ ಕೂತು ಮಗನಿಗೆ ಫೋನ್ ಹಚ್ಚಿಸಿ, "ಏ ತಮ್ಮಾ, ನಮ್ಮ ಅಂಗಡಿ ಬೋರ್ಡ್ ನಿನ್ನ ಕಡೆ ಐತಂತಲ್ಲೋ" ಅಂದರಂತೆ. ಪಾಪ, ಹುಡುಗ ಒಳ್ಳೆಯವನು, ಅವತ್ತು ರಾತ್ರಿಯೇ ಬೀಗ ತೆಗೆದು ವರ್ಗಾವಣೆಯ ಕೋಡ್ ಕಳಿಸಿದ. ಮಠಕ್ಕೆ ಹೋಗದೇ ಇದ್ದಿದ್ದರೆ? ನಾಲ್ಕು ವರ್ಷ ಪೊಟ್ಟಣದ ಮೇಲೆ ಅಚ್ಚು ಹಾಕಿಸಿದ ಹೆಸರು ಅದು.

ಇನ್ನೊಂದು ಮಾತು, ಡಾಟ್ ಕಾಮ್ ಹೆಸರನ್ನು ಹೊಸದಾಗಿ ಕೊಂಡ ಮೇಲೆ ಅಥವಾ ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ದ ಮೇಲೆ 60 ದಿನ ಮತ್ತೆ ಬೇರೆ ಕಂಪನಿಗೆ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ಅಂಗಡಿ ಬದಲಿಸುವ ದಿನ ಡೊಮೇನಿನ ಚಿಂತೆ ಶುರು ಮಾಡಿದರೆ ತಡ ಆಯ್ತು ಅಂತಲೇ ಲೆಕ್ಕ. ನೀವು ಈ ಪತ್ರ ಓದುತ್ತಿರುವ ಅಂಗಡಿಯವರಾದರೆ ಇವತ್ತೇ ನೋಡಿ, ನಿಮ್ಮ ಡೊಮೇನ್ ಯಾವ ಇಮೇಲ್‌ನಲ್ಲಿದೆ, ಆ ಇಮೇಲ್‌ನ ಪಾಸ್‌ವರ್ಡ್ ನಿಮ್ಮ ಹತ್ತಿರ ಇದೆಯಾ, ಓಟಿಪಿ ಯಾರ ಫೋನಿಗೆ ಹೋಗುತ್ತೆ.

ಬೋರ್ಡ್ ಕೈಗೆ ಬಂದ ಮೇಲೂ ಒಂದು ದಿನ ಹುಚ್ಚು ಹಿಡಿಯಿತು. ಡೊಮೇನ್ ಹೊಸ ಜಾಗ ತೋರಿಸುವ ಹಾಗೆ ಬದಲಿಸಿದೆ. ನಮ್ಮ ಮನೆಯಲ್ಲಿ ಹೊಸ ಅಂಗಡಿ ಕಾಣುತ್ತಿತ್ತು, ಗದಗಿನಲ್ಲಿರುವ ನಾದಿನಿಗೆ ಹಳೆಯದೇ ಕಾಣುತ್ತಿತ್ತು. ಡೊಮೇನ್ ತೋರಿಸುವ ವಿಳಾಸವನ್ನು ಇಂಟರ್ನೆಟ್ ಕಂಪನಿಯವರು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಅಂತ ಒಂದು ಅವಧಿ ಇರುತ್ತದೆ, ಟಿಟಿಎಲ್ ಅಂತಾರೆ. ನಮ್ಮದು 86400 ಸೆಕೆಂಡು ಇತ್ತು, ಅಂದ್ರೆ ಪೂರಾ ಒಂದು ದಿನ. ಅದನ್ನು ಮುಂಚಿನ ದಿನವೇ 300ಕ್ಕೆ ಇಳಿಸಿಟ್ಟಿದ್ದರೆ ಐದತ್ತು ನಿಮಿಷದ ಕೆಲಸ. ನಾನು ಇಳಿಸಿರಲಿಲ್ಲ, ಹಳೆಯದರಲ್ಲಿ ಆರ್ಡರ್ ತಗೊಳ್ಳೋದನ್ನೂ ನಿಲ್ಲಿಸಿರಲಿಲ್ಲ. ಎರಡೂ ಅಂಗಡಿ ಒಟ್ಟಿಗೇ ತೆರೆದಿದ್ದವು, ಎರಡಕ್ಕೂ ಇದ್ದದ್ದು ಒಂದೇ ಬುಟ್ಟಿ ರೊಟ್ಟಿ. ಸಜ್ಜೆ ರೊಟ್ಟಿ ಎರಡೆರಡು ಸಲ ಮಾರಾಟ ಆಗಿ, ಅತ್ತೆ ಮತ್ತು ಓಣಿಯವರು ರಾತ್ರಿ ಹನ್ನೊಂದರ ತನಕ ಬಡಿದರು. ನನ್ನ ಮುಖ ಯಾರೂ ನೋಡಲಿಲ್ಲ.

ದುಡ್ಡಿನ ಗೊಂದಲವೂ ಆಯಿತು. ಗ್ರಾಹಕ ಯುಪಿಐನಲ್ಲಿ ಕಟ್ಟಿದ ಮೇಲೆ "ದುಡ್ಡು ಬಂತು" ಅಂತ ಪೇಮೆಂಟ್ ಕಂಪನಿ ಅಂಗಡಿಗೆ ತಿಳಿಸಬೇಕು. ಆ ಸುದ್ದಿ ಮುಟ್ಟಿಸುವ ವಿಳಾಸಕ್ಕೆ ವೆಬ್‌ಹುಕ್ ಅಂತ ಹೆಸರು. ಹೊಸ ಅಂಗಡಿಯ ವೆಬ್‌ಹುಕ್ ಹಾಕೋದನ್ನು ನಾನು ಮರೆತಿದ್ದೆ. ಯುಪಿಐ ಆ್ಯಪ್‌ನಲ್ಲಿ ದುಡ್ಡು ಕಟ್ಟಿ ವಾಪಸ್ ಬರದೆ ಅಲ್ಲೇ ಮುಚ್ಚಿದವರ ದುಡ್ಡು ಬಂತು, ಸುದ್ದಿ ಬರಲಿಲ್ಲ. ವೂಕಾಮರ್ಸ್‌ನಲ್ಲಿ ನಾವೇನೂ ಬದಲಿಸದಿದ್ದರೆ ದುಡ್ಡು ಬಾರದ ಆರ್ಡರನ್ನು 60 ನಿಮಿಷ ಕಾದು ತಾನೇ ರದ್ದು ಮಾಡುತ್ತೆ, ಹಾಗಾಗಿ ದುಡ್ಡು ಕೊಟ್ಟವರಿಗೆ ಆರ್ಡರ್ ರದ್ದಾಯ್ತು ಅಂತ ತೋರಿಸಿತು. "ಅಕ್ಕಾರ, ರೊಕ್ಕಾನೂ ಹೋತು, ರೊಟ್ಟೀನೂ ಇಲ್ಲ" ಅಂತ ಫೋನು. ಪರೀಕ್ಷೆ ಅಂದ್ರೆ ಬರೀ ಪೇಜ್ ತೆರೆಯುತ್ತಾ ಅಂತ ನೋಡೋದಲ್ಲ. ಒಂದು ರೂಪಾಯಿಯ ಸುಳ್ಳು ಸರಕು ಹಾಕಿ, ಬೇರೆಯವರ ಫೋನಿಂದ ಕೊಂಡು, ಬಿಲ್ ಬಂತಾ, ಮೆಸೇಜ್ ಬಂತಾ, ರದ್ದು ಮಾಡಿದರೆ ರೂಪಾಯಿ ವಾಪಸ್ ಹೋಯ್ತಾ, ಅಷ್ಟೂ ನೋಡಬೇಕು.

ಬಿಲ್ಲು ಅಂದಾಗ ನೆನಪಾಯ್ತು. ಹೊಸ ಅಂಗಡಿಯಲ್ಲಿ ಬಿಲ್ಲಿನ ನಂಬರನ್ನು ನಾನು ಒಂದರಿಂದ ಶುರು ಮಾಡಿದೆ. ಹೊಸ ಮನೆ, ಹೊಸ ಲೆಕ್ಕ ಅಂತ ಚೆಂದ ಅನ್ನಿಸಿತು. ನಮ್ಮ ತೆರಿಗೆ ಸಲಹೆಗಾರರು ನೋಡಿ ತಲೆ ಚಚ್ಚಿಕೊಂಡರು. ಒಂದೇ ಹಣಕಾಸು ವರ್ಷದಲ್ಲಿ ಒಂದು ಬಿಲ್ ನಂಬರ್ ಎರಡು ಸಲ ಬರುವ ಹಾಗಿಲ್ಲ, ಏಪ್ರಿಲ್‌ನಲ್ಲಿ ಆಗಲೇ ಒಂದರಿಂದ ಶುರು ಆಗಿತ್ತಲ್ಲ. ಮುಂದೆ ಎರಡು ಅಕ್ಷರದ ಗುರುತು ಸೇರಿಸಿ ಬೇರೆ ಸಾಲು ಮಾಡಿ ಅಂದರು, ಒಟ್ಟು 16 ಅಕ್ಷರ ದಾಟಬಾರದಂತೆ. ಹಳೆಯ ಬಿಲ್ಲುಗಳನ್ನೆಲ್ಲ ಖಾತೆ ಮುಚ್ಚುವ ಮುಂಚೆ ಇಳಿಸಿಕೊಳ್ಳಲು ಹೇಳಿದ್ದೂ ಅವರೇ. ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಅವು ನಮ್ಮ ಹತ್ತಿರ ಇರಬೇಕು. ಬಾಡಿಗೆ ನಿಲ್ಲಿಸಿದ ಅಂಗಡಿಯವರು ನಮ್ಮ ಬಿಲ್ಲುಗಳನ್ನು ಆರು ವರ್ಷ ಯಾಕೆ ಕಾಯ್ತಾರೆ?

ಆಮೇಲೆ ಕ್ಯೂಆರ್. ಮೂರು ಸಾವಿರ ಲೇಬಲ್ ಅಚ್ಚಾಗಿ ಮಾಡದ ಮೇಲಿತ್ತು, ಪ್ರತಿಯೊಂದರ ಮೇಲೂ ಹಳೆಯ ಪುಟದ ವಿಳಾಸದ ಕ್ಯೂಆರ್. ಹಳೆಯ ಕಡೆ ವಿಳಾಸದ ನಡುವೆ "ಪ್ರಾಡಕ್ಟ್ಸ್" ಅಂತ ಬಹುವಚನ ಇತ್ತು, ಹೊಸ ಕಡೆ "ಪ್ರಾಡಕ್ಟ್" ಅಂತ ಏಕವಚನ. ಒಂದು ಅಕ್ಷರಕ್ಕೆ ಎಲ್ಲ ಕೊಂಡಿಗಳೂ ಸತ್ತವು. ಗೂಗಲ್‌ನಲ್ಲಿ "ಗುರೆಳ್ಳು ಚಟ್ನಿ" ಹುಡುಕಿ ಬಂದವರಿಗೂ "ಪುಟ ಸಿಗಲಿಲ್ಲ" ಅಂತ ಬರುತ್ತಿತ್ತು. ಇದಕ್ಕೆ 301 ಅನ್ನೋ ಮರುನಿರ್ದೇಶನ ಇದೆ, ಈ ಮನೆಯವರು ಕಾಯಂ ಆಗಿ ಆ ಮನೆಗೆ ಹೋಗಿದ್ದಾರೆ ಅಂತ ಬಾಗಿಲಿಗೆ ಚೀಟಿ ಅಂಟಿಸಿದ ಹಾಗೆ. ಹಳೆಯ ಒಂದೊಂದು ಪುಟಕ್ಕೂ ಹೊಸ ಪುಟದ ವಿಳಾಸ ಬರೆಯಬೇಕು. ಸೋಮಾರಿತನ ಮಾಡಿ ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಜನ ಸಿಟ್ಟಾಗ್ತಾರೆ, ಗೂಗಲ್ಲೂ ಅದನ್ನು ಒಪ್ಪಲ್ಲ. ಆ ಚೀಟಿಯನ್ನು ಕನಿಷ್ಠ ಒಂದು ವರ್ಷ ಇಡಿ ಅಂತ ಗೂಗಲ್ಲೇ ಹೇಳುತ್ತದೆ. ನಾವಂತೂ ಲೇಬಲ್ ಮುಗಿಯುವ ತನಕ ಇಡುತ್ತೇವೆ, ಅತ್ತೆ ಒಂದು ಲೇಬಲ್ಲನ್ನೂ ಎಸೆಯಲು ಬಿಡುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಬದಲಿಸಬೇಡಿ ಅಂತಲ್ಲ. ನಮಗೆ ಈಗ ತಿಂಗಳ ಖರ್ಚು ಕಡಿಮೆ, ಕನ್ನಡದ ಪುಟ ಇದೆ, ಬ್ಯಾಡಗಿಯ ಕಡ್ಡಿ ಮತ್ತು ಡಬ್ಬಿ ಮೆಣಸಿನಕಾಯಿಗೆ ಏನು ಫರಕು ಅಂತ ನಾನೇ ಬರೆದು ಹಾಕಿದ್ದೇನೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಮೆಣಸಿನಕಾಯಿ ಅದು, ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಬೆಂಗಳೂರಿನವರಿಗೆ ಹೇಳಲೇಬೇಕಾಗುತ್ತೆ. ಆದರೆ ಸುಮ್ನೆ ಪಕ್ಕದ ಅಂಗಡಿಯವರು ಬದಲಿಸಿದರು ಅಂತ ಬದಲಿಸೋದಾದರೆ ಬೇಡ. ತಿಂಗಳಿಗೆ ಇಪ್ಪತ್ತು ಆರ್ಡರ್ ಇದ್ದರೆ ಬಾಡಿಗೆ ಕಟ್ಟಿಕೊಂಡು ಇದ್ದಲ್ಲೇ ಇರಿ.

ನನ್ನ ಕೇಳಿಕೆ ಇಬ್ಬರಿಗೆ. ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯಲ್ಲಿ ಸ್ವಸಹಾಯ ಸಂಘಗಳಿಗೆ, ನೇಕಾರರಿಗೆ, ಕಸೂತಿ ಹಾಕುವವರಿಗೆ ಆನ್‌ಲೈನ್ ಮಾರಾಟದ ತರಬೇತಿ ಕೊಡುವವರು ಮೊದಲ ದಿನವೇ, ಫೋಟೋ ತೆಗೆಯೋದು ಕಲಿಸುವ ಮುಂಚೆ, ಡೊಮೇನನ್ನು ಅವರವರ ಇಮೇಲ್‌ನಲ್ಲಿ ಅವರ ಕೈಯಿಂದಲೇ ಕೊಳ್ಳಿಸಲಿ. ಎರಡನೇ ದಿನ ಅಂಗಡಿಯ ಸರಕು, ಗ್ರಾಹಕರು, ಬಿಲ್ಲು, ಈ ಮೂರನ್ನೂ ಹೊರಗೆ ಇಳಿಸಿಕೊಳ್ಳೋದನ್ನು ಒಂದು ಸಲ ಮಾಡಿಸಲಿ, ಇಳಿಸಿಕೊಳ್ಳಲು ಬಿಡದ ವೇದಿಕೆ ಆದರೆ ಆಗಲೇ ಗೊತ್ತಾಗುತ್ತೆ. ವೆಬ್‌ಸೈಟ್ ಮಾಡಿಕೊಡುವ ನಮ್ಮ ಹುಡುಗರಿಗೂ ಇದೇ ಮಾತು, ಕೆಲಸ ಮುಗಿದ ದಿನ ಕೀಲಿಕೈಯನ್ನೂ ಕೊಟ್ಟು ಹೋಗ್ರಪ್ಪ. ಎಲ್ಲರ ಅತ್ತೆಗೂ ಮಠದಲ್ಲಿ ನಿಮ್ಮ ತಾಯಿ ಸಿಗಲ್ಲ.

ಪತ್ರಕ್ಕೆ ಜಾಗ ಸಾಲದಿದ್ದರೆ ಕತ್ತರಿಸಿ ಸಂಪಾದಕರೇ, ಅಭ್ಯಂತರ ಇಲ್ಲ. ರೊಟ್ಟಿ ಎರಡು ಸಲ ಮಾರಿದ್ದನ್ನು ಮೊದಲು ತೆಗೆಯಿರಿ, ಅತ್ತೆ ನಿಮ್ಮ ಪತ್ರಿಕೆ ಓದುತ್ತಾರೆ. ಡೊಮೇನಿನ ಭಾಗ ಮತ್ತು 0904ರ ಸೊನ್ನೆ ಮಾತ್ರ ಬಿಡಬೇಡಿ.

ಇಂತಿ ನಿಮ್ಮ ಓದುಗಳು,
ರೊಟ್ಟಿ ಕೇಂದ್ರದ ಸೊಸೆ,
ವಿದ್ಯಾನಗರ, ಹುಬ್ಬಳ್ಳಿ